ಹೂಡುವ ಮುನ್ನ ಎತ್ತಿನ ಹಲ್ಲು ನೋಡಿರಿ

(ಸಂಘದ ವಾರ್ಷಿಕ ಸಭೆಯಲ್ಲಿ ಪಾಲಕರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಶೇರು ಪೇಟೆಯ ವಿಷಯ ಮಾತನಾಡಲು ಇವರಿಗೇನು ಅಧಿಕಾರ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸರಿಯಾದ ಪ್ರಶ್ನೆಯೇ. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋಗಲಿಲ್ಲ, ಅದೇ ನನ್ನ ಮನೆ ಬಾಗಿಲಿಗೆ ಬಂತು.

2026ರ ಆರಂಭದಲ್ಲಿ ಮೂಡಲಗಿ ಕಡೆಯ ಪಾಲಕರೊಬ್ಬರು ನಮ್ಮ ಮನೆಗೆ ಬಂದರು. ಮೂರು ಎಕರೆ ಕಬ್ಬು. ಮಗಳು ಪಿಯುಸಿ ಎರಡನೆಯ ವರ್ಷ, ನರ್ಸಿಂಗ್ ಓದುವ ಆಸೆ. ಕಬ್ಬಿನ ಬಿಲ್ಲು ಕೈಗೆ ಬಂದಿತ್ತು. ಮೊಬೈಲು ತೆಗೆದು ಒಂದು ವಾಟ್ಸಾಪ್ ಸಂದೇಶ ತೋರಿಸಿ ಕೇಳಿದರು: “ಆಪಾ, ಚಿಪ್ ಮಾಡೋ ಕಂಪನಿ ಮುಳುಗಬಹುದಂತ, ಆದ್ರ ಚಿಪ್ ಕಂಪನಿಗೆ ಸಾಮಾನು ಕೊಡೋ ಕಂಪನಿ ಎಂದೂ ಮುಳುಗೂದಿಲ್ಲಂತ. ಎರಡು ಲಕ್ಷ ಹಾಕಿದ್ರ ಮೂರು ವರ್ಷದಾಗ ಹತ್ತು ಲಕ್ಷ ಆಗ್ತಾವಂತ. ಹಾಕ್ಲೇನ್ರೀ?”

“ಬೇಡ” ಎಂದು ಒಂದೇ ಮಾತಿನಲ್ಲಿ ಹೇಳಿ ಚಹಾ ಕೊಟ್ಟು ಕಳಿಸಬಹುದಿತ್ತು. ಹಾಗೆ ಮಾಡಲಾಗಲಿಲ್ಲ. ಕಾರಣ ಹೇಳುತ್ತೇನೆ.

ನೌಕರಿಗೆ ಸೇರಿದ ಹೊಸತರಲ್ಲಿ “ಬಡ್ಡಿ ಅಲ್ಲ, ಲಾಭದ ಪಾಲು” ಎಂದು ಹೇಳುತ್ತಿದ್ದ ಒಂದು ಚಿಕ್ಕ ಕಂಪನಿಯಲ್ಲಿ ನಾನು ಹಣ ಇಟ್ಟೆ. ಹೆಸರು ಬೇಡ. ನನ್ನದಷ್ಟೇ ಆಗಿದ್ದರೆ ಮಾತು ಬೇರೆ. ನನ್ನ ಮಾತು ನಂಬಿ ನನ್ನ ಖಾಲಾ ತನ್ನ ಎರಡು ಬಳೆ ಮಾರಿ ಆ ಹಣವನ್ನೂ ಅಲ್ಲಿಯೇ ಇಟ್ಟಳು. ಹನ್ನೊಂದು ತಿಂಗಳು ಲಾಭ ತಪ್ಪದೆ ಬಂತು. ಹನ್ನೆರಡನೆಯ ತಿಂಗಳು ಕಚೇರಿಗೆ ಬೀಗ ಬಿತ್ತು. ಖಾಲಾ ಇಂದಿನವರೆಗೂ ನನಗೆ ಒಂದು ಮಾತು ಅಂದಿಲ್ಲ. ಅಂದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು. ಆ ಕಂಪನಿ ಏನು ಮಾಡುತ್ತದೆ, ಲಾಭ ಎಲ್ಲಿಂದ ಬರುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಬಿ.ಇಡಿ. ಓದಿದವಳು, ಮಕ್ಕಳಿಗೆ ದಿನವೂ “ಪ್ರಶ್ನೆ ಕೇಳಿರಿ” ಎಂದು ಹೇಳುವವಳು, ನಾನೇ ಕೇಳಲಿಲ್ಲ.

ಆದ್ದರಿಂದ ಆ ಪಾಲಕರಿಗೆ, “ಒಂದು ತಿಂಗಳು ತಡೆಯಿರಿ, ಇಬ್ಬರೂ ಕೂಡಿ ತಿಳಿದುಕೊಳ್ಳೋಣ” ಎಂದೆ. ಆ ಒಂದು ತಿಂಗಳಲ್ಲಿ ತಿಳಿದುಕೊಂಡದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೂಡಿಕೆ ಎಂಬ ಶಬ್ದ

ಶಬ್ದದಿಂದ ಆರಂಭಿಸುವುದು ಭಾಷಾ ಶಿಕ್ಷಕಿಯ ಅಭ್ಯಾಸ. ‘ಹೂಡಿಕೆ’ ಎಂಬುದು ‘ಹೂಡು’ ಎಂಬುದರಿಂದ ಬಂದದ್ದು. ಬಂಡಿ ಹೂಡುತ್ತೇವೆ, ನೇಗಿಲು ಹೂಡುತ್ತೇವೆ. ನೊಗ ಹೊರಿಸುವ ಮೊದಲು ರೈತನು ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ, ನಡೆಸಿ ನೋಡುತ್ತಾನೆ. ಉರ್ದುವಿನಲ್ಲಿ ಶೇರಿಗೆ ‘ಹಿಸ್ಸಾ’ ಎನ್ನುತ್ತೇವೆ. ಹಿಸ್ಸಾ ಎಂದರೆ ಪಾಲು. ಲಾಭದಲ್ಲಿಯೂ ಪಾಲು, ನಷ್ಟದಲ್ಲಿಯೂ ಪಾಲು. “ನಷ್ಟವೇ ಇಲ್ಲ” ಎಂದು ಯಾರಾದರೂ ಹೇಳಿದರೆ ಅದು ಹಿಸ್ಸಾ ಅಲ್ಲವೆಂದು ಅಲ್ಲಿಯೇ ತಿಳಿಯಬೇಕು.

ಶೇರು ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ನಡೆದು ಬಂದಿದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯ ಶೇರು ಪತ್ರ ಎಷ್ಟೋ ಮನೆಗಳ ಟ್ರಂಕಿನಲ್ಲಿದೆ. ಆ ಶೇರಿಗೂ ವಾಟ್ಸಾಪಿನಲ್ಲಿ ಬರುವ ಶೇರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಆ ಕಾರ್ಖಾನೆಯ ಚಿಮಣಿ ನಮ್ಮ ಕಣ್ಣಿಗೆ ಕಾಣುತ್ತದೆ.

ಕರದಂಟಿನ ಅಂಗಡಿ ಮತ್ತು ಅಂಟಿನ ವ್ಯಾಪಾರಿ

ಈಗ ಆ ಸಂದೇಶದ ಮಾತನ್ನು ಪರೀಕ್ಷಿಸೋಣ. ಗೋಕಾಕದ ಕರದಂಟನ್ನು ತೆಗೆದುಕೊಳ್ಳಿರಿ. ಅಂಗಡಿಗಳು ಅನೇಕ. ಹತ್ತು ವರ್ಷಗಳ ನಂತರ ಯಾವ ಅಂಗಡಿ ಮುಂದಿರುತ್ತದೆ, ಯಾವುದು ಮುಚ್ಚಿರುತ್ತದೆ ಎಂದು ಹೇಳಲಾಗದು. ಆದರೆ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಮಾರುವವರು ಹಾಗೂ ರಟ್ಟಿನ ಡಬ್ಬಿ ಮಾಡುವವರು ಎಲ್ಲ ಅಂಗಡಿಗಳಿಗೂ ಬೇಕು. ಯಾವ ಅಂಗಡಿ ಗೆದ್ದರೂ ಅವರ ವ್ಯಾಪಾರ ನಡೆಯುತ್ತದೆ. ಪೂರೈಕೆದಾರರಲ್ಲಿ ಹಣ ಹೂಡಿರಿ ಎನ್ನುವವರ ವಾದ ಇಷ್ಟೇ. ಈ ವಾದದಲ್ಲಿ ಅರ್ಧ ಸತ್ಯವಿದೆ.

ಉಳಿದರ್ಧ ಹೀಗಿದೆ. ಊರಿನಲ್ಲಿ ಒಳ್ಳೆಯ ಅಂಟನ್ನು ಒಬ್ಬನೇ ಮಾರುತ್ತಿದ್ದರೆ ಅವನು ಹೇಳಿದ್ದೇ ಬೆಲೆ. ಡಬ್ಬಿ ಮಾಡುವವರು ಹತ್ತು ಜನರಿದ್ದರೆ ಅಂಗಡಿಯವನು ಹೇಳಿದ್ದೇ ಬೆಲೆ. ಕರದಂಟೇ ಖರ್ಚಾಗದ ವರ್ಷ ಇಬ್ಬರೂ ಕೈಕಟ್ಟಿ ಕೂರಬೇಕು. ಅಂದರೆ ಪೂರೈಕೆದಾರರಲ್ಲಿ ಎಲ್ಲರೂ ಒಂದೇ ಅಲ್ಲ.

ಚಿಪ್ ಉದ್ಯಮದ ಪೂರೈಕೆದಾರರು

ಚಿಪ್ಪಿನ ಮೂಲ ವಸ್ತು ಸಿಲಿಕಾನ್. ಅತಿ ಶುದ್ಧವಾದ ಸಿಲಿಕಾನಿನಿಂದ ತೆಳುವಾದ ಬಿಲ್ಲೆ ಮಾಡುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ಇದರ ಅಡ್ಡಳತೆ 300 ಮಿಲಿಮೀಟರ್, ಎಂದರೆ ದೊಡ್ಡದೊಂದು ಜೋಳದ ರೊಟ್ಟಿಯಷ್ಟು. ಅದರ ಮೇಲೆ ಬೆಳಕಿನಿಂದ ನಕ್ಷೆ ಮೂಡಿಸಬೇಕು, ಅನಿಲಗಳಿಂದ ಕೊರೆಯಬೇಕು, ಪದರ ಹಚ್ಚಬೇಕು, ಅತಿ ಶುದ್ಧ ನೀರಿನಿಂದ ತೊಳೆಯಬೇಕು. ಇದೇ ಕ್ರಮ ಮತ್ತೆ ಮತ್ತೆ ನಡೆದು ಒಂದು ಬಿಲ್ಲೆ ಸಿದ್ಧವಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಒಂದು ಧೂಳಿನ ಕಣ ಬಿದ್ದರೂ ಅಲ್ಲಿಯ ಚಿಪ್ ಕೆಡುತ್ತದೆ. ಇದರ ಪ್ರತಿಯೊಂದು ಹಂತಕ್ಕೂ ಬೇರೆ ಯಂತ್ರ, ಬೇರೆ ರಾಸಾಯನಿಕ, ಬೇರೆ ಕಂಪನಿ.

ಇವರಲ್ಲಿ ಬಲಶಾಲಿಗಳಿದ್ದಾರೆ. ನೆದರ್ಲ್ಯಾಂಡ್ಸ್‌ನ ಎಎಸ್‌ಎಂಎಲ್ ಕಂಪನಿ 1984ರಲ್ಲಿ ಹುಟ್ಟಿದ್ದು. ಅತಿ ಸೂಕ್ಷ್ಮ ನಕ್ಷೆ ಮೂಡಿಸುವ ಇಯುವಿ ಯಂತ್ರವನ್ನು ಮಾರುಕಟ್ಟೆಗೆ ತಂದ ಕಂಪನಿ ಜಗತ್ತಿನಲ್ಲಿ ಇದೊಂದೇ. ಒಂದು ಯಂತ್ರದ ಬೆಲೆ ಸಾವಿರ ಕೋಟಿ ರೂಪಾಯಿ ಮೀರುತ್ತದೆ. ಅದರ ಕನ್ನಡಿಗಳು ಜರ್ಮನಿಯ ಝೈಸ್ ಕಂಪನಿಯವು. ಹೀಗೆ ಪೂರೈಕೆದಾರನಿಗೂ ಪೂರೈಕೆದಾರನಿದ್ದಾನೆ. 2019ರ ಜುಲೈಯಲ್ಲಿ ಜಪಾನ್ ಕೇವಲ ಮೂರು ರಾಸಾಯನಿಕ ವಸ್ತುಗಳನ್ನು ದಕ್ಷಿಣ ಕೊರಿಯಾಕ್ಕೆ ಕಳಿಸುವುದರ ಮೇಲೆ ಬಿಗಿ ನಿಯಮ ಹೇರಿದಾಗ, ಕೊರಿಯಾದ ದೈತ್ಯ ಚಿಪ್ ಕಂಪನಿಗಳೇ ಚಿಂತೆಗೆ ಬಿದ್ದವು.

ಆದರೆ ಬಲಶಾಲಿಗೂ ಬರಗಾಲ ಬರುತ್ತದೆ. ಚಿಪ್ ಉದ್ಯಮದಲ್ಲಿ ಸುಗ್ಗಿ ಮತ್ತು ಬರ ಸರದಿಯಂತೆ ಬರುತ್ತವೆ. ಚಿಪ್ಪಿಗೆ ಬೇಡಿಕೆ ತಗ್ಗಿದಾಗ ಕಾರ್ಖಾನೆಯವರು ಮೊದಲು ನಿಲ್ಲಿಸುವುದು ಹೊಸ ಯಂತ್ರದ ಖರೀದಿಯನ್ನು. ಚಿಪ್ ಕೊರೆಯುವ ಯಂತ್ರ ಮಾಡುವ ಅಮೆರಿಕದ ಲ್ಯಾಮ್ ರಿಸರ್ಚ್ ಬಹಳ ದೊಡ್ಡ ಕಂಪನಿ. 2023ರ ಜನವರಿಯಲ್ಲಿ ಇಂಥ ಬರ ಬಂದಾಗ ಅದು ಸುಮಾರು 1,300 ಜನರನ್ನು ಕೆಲಸದಿಂದ ತೆಗೆಯುವುದಾಗಿ ಘೋಷಿಸಿತು. “ಸಾಮಾನು ಕೊಡೋ ಕಂಪನಿಗೆ ನಷ್ಟವೇ ಇಲ್ಲ” ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು.

ಪಾಲಕರೇ, ಪೂರೈಕೆದಾರನ ಕಷ್ಟ ತಿಳಿಯಲು ನೀವು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಕಬ್ಬು ಬೆಳೆಯುವ ನೀವೇ ಪೂರೈಕೆದಾರರು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ಕುಳಿತರು. ಸರಕಾರ 3,300 ರೂಪಾಯಿ ಎಂದು ಘೋಷಿಸುವವರೆಗೆ ಏಳಲಿಲ್ಲ. ಅಷ್ಟು ಜನ ರಸ್ತೆಗೆ ಏಕೆ ಇಳಿಯಬೇಕಾಯಿತು? ಕಡಿದ ಕಬ್ಬು ಕಾಯುವುದಿಲ್ಲ, ಒಣಗುತ್ತದೆ. ಕೊಳ್ಳುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಬೆಳೆಯುವವರು ಲಕ್ಷಾಂತರ. ಸಕ್ಕರೆಯಿಲ್ಲದೆ ಯಾರ ಮನೆಯ ಚಹಾವೂ ನಡೆಯದು, ಆದರೂ ಕಬ್ಬಿನವನ ಕೈ ಕೆಳಗೇ ಇದೆ. ಬೇಡಿಕೆ ಇದ್ದ ಮಾತ್ರಕ್ಕೆ ಪೂರೈಕೆದಾರನಿಗೆ ಲಾಭ ಸಿಕ್ಕೇ ಸಿಗುತ್ತದೆ ಎಂದಲ್ಲ.

ಆ ಪಾಲಕರಿಗೆ ಇದು ಹೇಳಿದೊಡನೆ ತಿಳಿಯಿತು. ನಾವಿಬ್ಬರೂ ಕೂಡಿ ಮೂರು ಪ್ರಶ್ನೆ ಬರೆದುಕೊಂಡೆವು. ವಿದ್ಯಾರ್ಥಿಗಳೇ, ನೀವೂ ಬರೆದುಕೊಳ್ಳಿರಿ.

ಒಂದು: ಈ ಕಂಪನಿಯ ಮಾಲನ್ನು ಕೊಳ್ಳುವವರು ಯಾರು, ಎಷ್ಟು ಜನ?
ಎರಡು: ಇವನಿಲ್ಲದಿದ್ದರೆ ಕೊಳ್ಳುವವನು ನಾಳೆಯೇ ಬೇರೆಯವನ ಹತ್ತಿರ ಹೋಗಬಲ್ಲನೇ?
ಮೂರು: ಒಂದು ವರ್ಷ ವ್ಯಾಪಾರ ನಿಂತರೆ, ಬಿಲ್ಲು ತಡವಾದರೆ, ಸಾಲದ ಹೊರೆಯಲ್ಲಿ ಇವನು ಬದುಕಬಲ್ಲನೇ?

ನಮ್ಮ ರಾಜ್ಯದಲ್ಲಿ ಏನು ನಡೆದಿದೆ?

ಕೇಂದ್ರ ಸರಕಾರ 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಯೋಜನೆಯನ್ನು ಘೋಷಿಸಿತು. 2026ರ ಫೆಬ್ರವರಿಯ ಬಜೆಟ್ಟಿನಲ್ಲಿ ಅದರ ಎರಡನೆಯ ಹಂತ ಪ್ರಕಟವಾಗಿ, ಯಂತ್ರ ಮತ್ತು ಕಚ್ಚಾ ವಸ್ತುಗಳ ತಯಾರಿಕೆಗೆ, ಅಂದರೆ ಇದೇ ಪೂರೈಕೆದಾರರಿಗೆ, ಒತ್ತು ಸಿಕ್ಕಿತು. ಯಂತ್ರ ತಯಾರಿಸುವ ಅಪ್ಲೈಡ್ ಮಟೀರಿಯಲ್ಸ್ ಬೆಂಗಳೂರಿನ ಎಂಜಿನಿಯರಿಂಗ್ ಕೇಂದ್ರಕ್ಕಾಗಿ ನಾಲ್ಕು ವರ್ಷಗಳಲ್ಲಿ 40 ಕೋಟಿ ಡಾಲರ್ ಹೂಡುವುದಾಗಿ 2023ರ ಜೂನ್‌ನಲ್ಲಿ ಹೇಳಿತು. ಲ್ಯಾಮ್ ರಿಸರ್ಚ್ 2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 10,000 ಕೋಟಿ ರೂಪಾಯಿಗೂ ಹೆಚ್ಚು ಹೂಡುವುದಾಗಿ ಪ್ರಕಟಿಸಿತು. ಅವಕಾಶ ನಿಜವಾಗಿಯೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಎರಡೂ ಕಂಪನಿಗಳ ಶೇರು ಇರುವುದು ಅಮೆರಿಕದ ಪೇಟೆಯಲ್ಲಿ, ಬೆಂಗಳೂರಿನ ಹೆಸರು ಕೇಳಿ ಇಲ್ಲಿ ಕೊಳ್ಳುವಂಥದ್ದಲ್ಲ.

ಘೋಷಣೆ ಬೇರೆ, ಕಾರ್ಖಾನೆ ಬೇರೆ ಎಂಬುದನ್ನೂ ನೆನಪಿಡಬೇಕು. 2022ರ ಮೇ 1ರಂದು ಐಎಸ್‌ಎಂಸಿ ಎಂಬ ಸಂಸ್ಥೆ ಮೈಸೂರಿನಲ್ಲಿ 22,900 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆಗಾಗಿ ನಮ್ಮ ರಾಜ್ಯ ಸರಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆ ಕಾರ್ಖಾನೆ ಏಳಲೇ ಇಲ್ಲ. ಆ ಸುದ್ದಿಯನ್ನು ನಂಬಿ ಸುತ್ತಲಿನ ಜಾಗಕ್ಕೋ ಶೇರಿಗೋ ಹಣ ಹಾಕಿದವನ ಗತಿಯನ್ನು ನೀವೇ ಊಹಿಸಿರಿ.

ಅದೇ ಮೈಸೂರಿನಲ್ಲಿ ನಿಜವಾದ ಕಾರ್ಖಾನೆಯ ಉದಾಹರಣೆಯೂ ಇದೆ. ಕೇನ್ಸ್ ಟೆಕ್ನಾಲಜಿ ಅಲ್ಲಿಯ ಕಂಪನಿ, ಎಲೆಕ್ಟ್ರಾನಿಕ್ ಸರ್ಕೀಟುಗಳನ್ನು ಜೋಡಿಸುತ್ತದೆ. 2022ರ ನವೆಂಬರಿನಲ್ಲಿ 587 ರೂಪಾಯಿಗೆ ಶೇರು ಕೊಟ್ಟಿತು. ಗುಜರಾತಿನ ಸಾನಂದದಲ್ಲಿ ಅದರ 3,307 ಕೋಟಿ ರೂಪಾಯಿಯ ಚಿಪ್ ಜೋಡಣೆ ಘಟಕಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. 2025ರಲ್ಲಿ ಶೇರಿನ ಬೆಲೆ 7,000 ರೂಪಾಯಿ ದಾಟಿತು. ಅದೇ ಡಿಸೆಂಬರಿನಲ್ಲಿ ಒಂದು ಬ್ರೋಕರೇಜ್ ಸಂಸ್ಥೆ ಅದರ ಲೆಕ್ಕಪತ್ರದ ಕುರಿತು ಪ್ರಶ್ನೆ ಎತ್ತಿತು. ಕಂಪನಿ ಸಮಜಾಯಿಷಿ ಕೊಟ್ಟಿತು. ಆದರೂ ಬೆಲೆ 5,000ಕ್ಕಿಂತ ಕೆಳಗೆ ಇಳಿಯಿತು. ಕಾರ್ಖಾನೆ ಇದ್ದಲ್ಲಿಯೇ ಇತ್ತು, ಯಂತ್ರಗಳೂ ಇದ್ದವು. ಮೊದಲು ಕೊಂಡವನು ಲಾಭದಲ್ಲಿಯೇ ಉಳಿದ, ಸುದ್ದಿ ಕೇಳಿ ಕೊನೆಗೆ ಓಡಿ ಬಂದವನು ನಷ್ಟ ಹೊತ್ತ. ಒಳ್ಳೆಯ ಎತ್ತಿಗೂ ಅತಿ ಬೆಲೆ ಕೊಟ್ಟರೆ ಸಾಲ ತೀರದು.

ಎಲ್ಲಕ್ಕಿಂತ ಕೆಟ್ಟದ್ದು ಬರಿಯ ಹೆಸರನ್ನು ಕೊಳ್ಳುವುದು. ಮುಂಬಯಿಯ ಒಂದು ಸಣ್ಣ ವ್ಯಾಪಾರಿ ಕಂಪನಿ ತನ್ನ ಹೆಸರಿನಲ್ಲಿ ‘ಸೆಮಿಕಂಡಕ್ಟರ್’ ಎಂಬ ಶಬ್ದ ಸೇರಿಸಿಕೊಂಡಿತು. 2024 ಮತ್ತು 2025ರಲ್ಲಿ ಅದರ ಶೇರು ಕೆಲವು ರೂಪಾಯಿಗಳಿಂದ ಸಾವಿರಾರು ರೂಪಾಯಿಗೆ ಏರಿತು. ತಾನು ಇನ್ನೂ ಯಾವ ಚಿಪ್ ತಯಾರಿಕೆಯನ್ನೂ ಆರಂಭಿಸಿಲ್ಲ ಎಂದು ಕಂಪನಿಯೇ ಶೇರು ಪೇಟೆಗೆ ತಿಳಿಸಬೇಕಾಯಿತು. ಕೊನೆಗೆ ಪೇಟೆಯವರು ವಾರಕ್ಕೊಮ್ಮೆ ಮಾತ್ರ ಅದರ ವ್ಯವಹಾರ ನಡೆಯುವಂತೆ ಕಟ್ಟು ಹಾಕಿದರು. ನಮ್ಮ ಪಾಲಕರ ಮೊಬೈಲಿಗೆ ಬಂದದ್ದೂ ಇಂಥದೇ ಜಾತಿಯ ಸಂದೇಶ.

ಹತ್ತರಗಿಯ ಪಾಠ

ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಹೆದ್ದಾರಿಯ ಪಕ್ಕ ಏಕಸ್ ಕಂಪನಿಯ ಕೈಗಾರಿಕಾ ವಲಯವಿದೆ. ಅದು ಚಿಪ್ ಕಂಪನಿಯಲ್ಲ, ಏರ್‌ಬಸ್‌ನಂಥ ವಿಮಾನ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಕಂಪನಿ. ಪೂರೈಕೆದಾರ ಎಂದರೆ ಏನೆಂದು ಕಣ್ಣಾರೆ ನೋಡಲು ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಲೋಹ ಕೊರೆಯುವುದನ್ನು ಕಲಿತು, ಪರೀಕ್ಷೆ ಪಾಸಾಗಿ, ಒಪ್ಪಿಗೆ ಪಡೆಯಲು ವರ್ಷಗಳು ಬೇಕು. ಹಾಗೆ ಪಡೆದ ಮೇಲೆ ಕೊಳ್ಳುವವನೂ ಸುಲಭವಾಗಿ ಬಿಟ್ಟು ಹೋಗುವುದಿಲ್ಲ. ನಮ್ಮ ಎರಡನೆಯ ಪ್ರಶ್ನೆಗೆ ಇದು ಒಳ್ಳೆಯ ಉತ್ತರ.

ಈ ಕಂಪನಿ 2025ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ಶೇರು ಕೊಟ್ಟಿತು, ಮೇಲಿನ ಬೆಲೆ 124 ರೂಪಾಯಿ. ಅದರ ಹಿಂದಿನ ಆರ್ಥಿಕ ವರ್ಷದಲ್ಲಿ ಅದು ನಷ್ಟ ತೋರಿಸಿತ್ತು. ಕೊಳ್ಳಿರಿ ಎಂದಾಗಲಿ ಬೇಡ ಎಂದಾಗಲಿ ನಾನು ಹೇಳಲಾರೆ. ಹೇಳುವುದು ಇಷ್ಟೇ: ಶೇರು ಕೊಡುವ ಕಂಪನಿ ತನ್ನ ಲೆಕ್ಕ, ಸಾಲ, ಗಿರಾಕಿಗಳು, ಅಪಾಯಗಳು ಎಲ್ಲವನ್ನೂ ಒಂದು ದೊಡ್ಡ ದಸ್ತಾವೇಜಿನಲ್ಲಿ ಬರೆದು ಪ್ರಕಟಿಸಲೇಬೇಕು. ಅದು ಸೆಬಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ‘ಅಪಾಯಗಳು’ ಎಂಬ ಅಧ್ಯಾಯವನ್ನು ಮೊದಲು ಓದಿರಿ. ನಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಅಲ್ಲಿ ಸಿಗುತ್ತದೆ. ಇಂಗ್ಲಿಷಿನಲ್ಲಿರುತ್ತದೆ ಎಂದು ಹೆದರಬೇಡಿರಿ. ನಿಮ್ಮ ಮನೆಯಲ್ಲಿ ಓದುವ ಮಗಳಿದ್ದಾಳೆ, ಮಗನಿದ್ದಾನೆ. ಓದಿಸಿದ್ದು ಇಂಥದಕ್ಕೇ ಅಲ್ಲವೇ?

ಹಲಾಲ್ ಎಂಬ ಮಾತು

ನಮ್ಮ ಸಮಾಜದಲ್ಲಿ ಇನ್ನೊಂದು ಪ್ರಶ್ನೆ ಸಹಜವಾಗಿ ಬರುತ್ತದೆ. ಬಡ್ಡಿಯನ್ನು ದೂರವಿಡುವವರು ಶೇರು ಕೊಳ್ಳಬಹುದೇ? ಕಂಪನಿಯ ವ್ಯವಹಾರ ಧರ್ಮಸಮ್ಮತವಾಗಿದ್ದು, ಅದರ ಬಡ್ಡಿ ಸಾಲ ಒಂದು ಮಿತಿಯೊಳಗಿದ್ದರೆ ಕೊಳ್ಳಬಹುದು ಎನ್ನುವ ಉಲೇಮಾಗಳಿದ್ದಾರೆ, ಒಪ್ಪದವರೂ ಇದ್ದಾರೆ. ಈ ನಿಯಮಗಳಂತೆ ಆರಿಸಿದ ಶೇರುಗಳ ಸೂಚ್ಯಂಕಗಳೂ ಮ್ಯೂಚುವಲ್ ಫಂಡುಗಳೂ ನಮ್ಮ ದೇಶದಲ್ಲಿಯೇ ಇವೆ. ನೀವು ನಂಬುವ ಆಲಿಮರನ್ನು ಕೇಳಿರಿ.

ಆದರೆ ಒಂದು ಮಾತು. ಕೊಳ್ಳುವುದು ಜಾಯಿಜೋ ಅಲ್ಲವೋ ಎಂದು ಆಲಿಮರು ಹೇಳಬಲ್ಲರು. ಕಂಪನಿ ಪ್ರಾಮಾಣಿಕವೋ ಅಲ್ಲವೋ ಎಂಬುದನ್ನು ಲೆಕ್ಕಪತ್ರವೇ ಹೇಳಬೇಕು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ, ಹಲಾಲ್ ಲಾಭವೆಂದು ನಂಬಿ ಹಣ ಇಟ್ಟಿದ್ದ ಹತ್ತಾರು ಸಾವಿರ ಜನ ಪೊಲೀಸರಿಗೆ ದೂರು ಕೊಟ್ಟರು. ತನಿಖೆ ಸಿಬಿಐವರೆಗೆ ಹೋಯಿತು. ಅವರಲ್ಲಿ ಪಿಂಚಣಿದಾರರಿದ್ದರು, ವಿಧವೆಯರಿದ್ದರು, ಮಗಳ ನಿಕಾಹ್‌ಗೆಂದು ಕೂಡಿಟ್ಟವರಿದ್ದರು. ಅವರ ಈಮಾನಿನಲ್ಲಿ ಕೊರತೆಯಿರಲಿಲ್ಲ. ಪ್ರಶ್ನೆ ಕೇಳುವುದೇ ಅಪನಂಬಿಕೆ, ಬೇಅದಬಿ ಎಂದು ನಾವು ತಿಳಿದಿದ್ದೇವೆ. ಅದೇ ನಮ್ಮ ಕೊರತೆ. ನನ್ನ ಖಾಲಾಳ ಬಳೆ ಹೋದದ್ದೂ ಹೀಗೆಯೇ.

ಕೊನೆಯ ಮಾತು

ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿ ಹಣವಿಲ್ಲ, ಆದರೆ ಹೂಡಲು ವರ್ಷಗಳಿವೆ. ಚಿಪ್ ಯಂತ್ರಕ್ಕಾಗಲಿ ವಿಮಾನಕ್ಕಾಗಲಿ ಬಿಡಿಭಾಗ ಮಾಡಲು ಬೇಕಾಗುವುದು ಟರ್ನರ್, ಮಷಿನಿಸ್ಟ್, ಫಿಟ್ಟರ್, ಅಳತೆ ಪರೀಕ್ಷಕ. ಐಟಿಐ, ಡಿಪ್ಲೊಮಾ, ಬೆಳಗಾವಿಯ ಸರಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ, ಇವೆಲ್ಲ ನಿಮ್ಮ ಬಸ್ಸಿನ ದಾರಿಯಲ್ಲಿಯೇ ಇವೆ. ಹೆಣ್ಣುಮಕ್ಕಳೇ, ಈ ಕೆಲಸ ನಿಮ್ಮದೂ ಹೌದು. ಶೇರಿನ ಬೆಲೆ ಬೀಳಬಹುದು, ಕಲಿತ ಕೈಯನ್ನು ಯಾರೂ ಕಿತ್ತುಕೊಳ್ಳಲಾರರು. ಇನ್ನು ಮೊಬೈಲಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಎಂದು ಆಡುವ ಯುವಕರಿಗೆ ಒಂದು ಎಚ್ಚರಿಕೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಹಾಗೆ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಜನ ನಷ್ಟ ಅನುಭವಿಸಿದರೆಂದು ಸೆಬಿಯೇ ಲೆಕ್ಕ ಹಾಕಿ ಹೇಳಿದೆ.

ಪಾಲಕರೇ, ಮಕ್ಕಳ ಶುಲ್ಕ, ಔಷಧಿ, ಮುಂದಿನ ಹಂಗಾಮಿನ ಬೀಜ-ಗೊಬ್ಬರ, ಇವುಗಳ ಹಣ ಪೇಟೆಗೆ ಹೋಗಬಾರದು. ಅದು ಮೀರಿ ಉಳಿದದ್ದರಲ್ಲಿ, ಐದಾರು ವರ್ಷ ಮುಟ್ಟದೆ ಇರಬಲ್ಲ ಸ್ವಲ್ಪವನ್ನು, ತಿಳಿದ ವ್ಯಾಪಾರದಲ್ಲಿ, ಸೆಬಿಯ ನೋಂದಣಿ ಇರುವವರ ಮೂಲಕ ಮಾತ್ರ ಹೂಡಿರಿ.

ಆ ಪಾಲಕರ ಕಥೆ ಏನಾಯಿತು ಎಂದು ಕೇಳುತ್ತೀರಿ. ಅವರು ನಮ್ಮ ಮೂರು ಪ್ರಶ್ನೆಗಳನ್ನು ಮಗಳ ಕೈಯಿಂದ ಟೈಪು ಮಾಡಿಸಿ ಅದೇ ವಾಟ್ಸಾಪ್ ಗುಂಪಿಗೆ ಕಳಿಸಿದರು. ಮೊದಲನೆಯ ಪ್ರಶ್ನೆಗೆ, “ಇಂಥಾ ಅವಕಾಶ ಮತ್ತೆ ಬರೂದಿಲ್ಲ” ಎಂಬ ಉತ್ತರ ಬಂತು. ಎರಡನೆಯದಕ್ಕೆ, “ನಂಬಿಕೆ ಇಲ್ಲದವ್ರಿಗೆ ಬರಕತ್ ಇಲ್ಲ” ಎಂಬ ಉತ್ತರ. ಮೂರನೆಯ ಪ್ರಶ್ನೆ ಹೋಗುವ ಮೊದಲೇ ಅವರನ್ನು ಗುಂಪಿನಿಂದ ತೆಗೆದುಹಾಕಿದರು. “ಆಪಾ, ಎತ್ತಿಗೆ ಹಲ್ಲೇ ಇರಲಿಲ್ಲ ನೋಡ್ರಿ” ಎಂದು ನಕ್ಕರು. ಎರಡು ಲಕ್ಷ ಮಗಳ ನರ್ಸಿಂಗ್ ಓದಿಗೆಂದು ಹಾಗೆಯೇ ಉಳಿದಿದೆ.

ನನ್ನ ಖಾಲಾಳ ಬಳೆ ಮರಳಿ ಬರುವುದಿಲ್ಲ. ನಿಮ್ಮ ಮನೆಯ ಬಳೆ ಉಳಿಯಲೆಂದು ಇಷ್ಟು ಹೊತ್ತು ಮಾತನಾಡಿದೆ.